ಮಾವ ಓದಿ ಹೇಳಬೇಕಾದ ಕಾಗದ

ಕೊಪ್ಪ
12-2-1944

ಸೋಮನಹಳ್ಳಿಯ ಅವ್ವನಿಗೆ ಹಿರಿಮಗಳು ಚಿಕ್ಕಮಾದಮ್ಮ ಮಾಡುವ ನಮಸ್ಕಾರ.

ಈ ಕಾಗದವನ್ನು ನನ್ನ ಅತ್ತೆ ಮಹದೇವಮ್ಮನವರ ಕೈಲಿ ಕಳಿಸಿದ್ದೇನೆ. ತಂಗಿ ಮಲ್ಲಿಯನ್ನು ಇವತ್ತೇ ಅವರ ಜೊತೆ ಗಾಡಿ ಹತ್ತಿಸು. ಅವಳು ಇನ್ನು ನಮ್ಮಲ್ಲೇ ಇರಲಿ. ಎದುರಿಗೆ ನಿಂತು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆದೆ.

ಸಂಕ್ರಾಂತಿಗೆ ಬಂದಾಗ ನೋಡಿದೆ. ಹಾಡುಹಗಲಲ್ಲಿ ತಲೆ ಬಾಚಿಕೊಳ್ಳಲು ಕೋಣೆಗೆ ಹೋದ ಮಲ್ಲಿ, ಒಳಗಿನಿಂದ ಬಾಗಿಲಿಗೆ ಒನಕೆ ಆನಿಸಿದಳು. ಒಂಬತ್ತು ವರ್ಷದವಳು, ಅದನ್ನು ಎರಡು ಕೈಯಲ್ಲಿ ಎಳೆದುಕೊಂಡು ಹೋಗಿದ್ದಳು. ಅವಳ ವಯಸ್ಸಿನಲ್ಲಿ ನಾನೂ ಅದೇ ಬಾಗಿಲಿಗೆ ಅದೇ ಒನಕೆ ಆನಿಸುತ್ತಿದ್ದೆ. ಅವಳಿಗೆ ನಾನು ಹೇಳಿಕೊಟ್ಟಿಲ್ಲ.

ಆ ವಯಸ್ಸಿನಲ್ಲಿ ನಾನು ನಿನಗೆ ಹೇಳಿದ್ದಕ್ಕೆ ನೀನು, “ಸೋದರಮಾವ ಅಲ್ವೇನಮ್ಮಿ, ನಾಳೆ ಕಟ್ಕೊಳೋನು, ತಮಾಸೆ ಮಾಡ್ತಾನೆ ಬುಡು” ಅಂದೆ. ಅದು ತಮಾಷೆಯಲ್ಲ ಅವ್ವ. ಮಗುವಿಗೆ ಯಾರೂ ಮಾಡಬಾರದ್ದು.

ನಿನಗೆ ಓದು ಬಾರದು. ಆ ಮನೆಯಲ್ಲಿ ಕಾಗದ ಓದಿ ಹೇಳುವವನು ನಿನ್ನ ತಮ್ಮ, ಕರಿಸಿದ್ದಯ್ಯ ಮಾವ ಒಬ್ಬನೇ.

ಹಾಗಾಗಿ ಮಾವ, ಇದನ್ನು ಈಗ ಓದುತ್ತಿರುವವನು ನೀನೇ. ದನಿ ತಗ್ಗಿಸಬೇಡ. ಅತ್ತೆಗೆ ಇಡೀ ಕಾಗದವನ್ನು ಮೂರು ಸಲ ಓದಿ ಹೇಳಿದ್ದೇನೆ. “ಅಕ್ಸರ ಬಾರ್ದಿದ್ರೇನು, ಕಿವಿ ಐತೆ ಕಣಮ್ಮ” ಅಂದರು. ನೀನು ಒಂದು ಮಾತು ನುಂಗಿದರೂ, ನುಂಗಿದ ಕಡೆಯಿಂದ ಅವರು ಹೇಳುತ್ತಾರೆ.

ಅವ್ವ, ಈಗ ಮಾವನ ಮುಖ ನೋಡು.

ಗಾಡಿಯ ದಾರಿ ನೋಡುತ್ತಿರುವ,
ಚಿಕ್ಕಮಾದಮ್ಮ