ಆಕ್ಸಲ್‌ಗೆ ಕೊರೆಸಿದ ತೂತು

ಅಪ್ಪಾ,

ನೀನು ಹೋಗಿ ವರ್ಷವಾಯಿತು. ಇವತ್ತು ಮುಳಬಾಗಿಲಿನಲ್ಲಿ ನಿನ್ನ ಹಳೆಯ ಕಾರಿನ ಹಿಂದಿನ ಆಕ್ಸಲ್‌ನ ಆಯಿಲ್ ತುಂಬಿದ ಕವಚದ ತಳಕ್ಕೆ ತೂತು ಕೊರೆಸಿ, ಬೋಲ್ಟ್ ಹಾಕಿಸಿದೆ. ಇನ್ನು ಬೋಲ್ಟ್ ಬಿಚ್ಚಿದರೆ ಸಾಕು, ಹಳೆಯ ಆಯಿಲ್ ತಾನೇ ಇಳಿಯುತ್ತದೆ. ನಿನ್ನಂತೆ ಅಡಿಯಲ್ಲಿ ಮಲಗಿ ಪೈಪ್ ತೂರಿಸಿ ಎಳೆಯಬೇಕಿಲ್ಲ.

"ನಾನೆಷ್ಟು ಹೇಳಿದ್ರೂ ನಿಮ್ಮಪ್ಪ ತೂತು ಹಾಕಿಸಲಿಲ್ಲ ಕಣಮ್ಮ. ಪೈಪ್ ಹಿಡಿಯೋಕೆ ಮಗಳಿದ್ದಾಳೆ ಅಂತಿದ್ರು. ನೀವೇ ಅಲ್ವಾ?" ಎಂದರು ಮೆಕ್ಯಾನಿಕ್ ಕದಿರೇಶಣ್ಣ.

ಹೂಂ ಎಂದೆ.

"ಹಂಗಾದ್ರೆ ಅಭ್ಯಾಸ ಇದೆ. ಬನ್ನಿ, ನೀವೇ ಟೈಟ್ ಮಾಡಿ," ಎಂದು ಸ್ಪ್ಯಾನರ್ ಕೊಟ್ಟರು.

ಗೋಣಿಚೀಲದ ಮೇಲೆ ಮಲಗಿ, ಮೊದಲ ಸಲ ಕಾರಿನಡಿಗೆ ಸರಿದೆ. ಅಲ್ಲಿಂದ ಓಡಾಡುವವರ ಪಾದಗಳು ಮಾತ್ರ ಕಾಣುತ್ತವೆ.

ನೀನು ಅಲ್ಲಿ ಮಲಗಿ ಪೈಪ್ ಹಿಡಿಯಲು ಕರೆದಾಗಲೆಲ್ಲ ಕೇಳಿಸದವಳಂತೆ ದಾಟಿ ಹೋಗುತ್ತಿದ್ದೆನಲ್ಲ, ನನ್ನ ಚಪ್ಪಲಿಯ ಗುರುತು ನಿನಗೆ ಸಿಗುತ್ತಿತ್ತು.

ಚಂದನ