ಎಡದವಡೆಯ ನೋವಿಗೆ ಬಲಗೆನ್ನೆಗೆ ಬೆಳಕು

ದಂತ ಆಸ್ಪತ್ರೆಯ ಲೇಸರ್ ಕೋಣೆಗೆ ನಡುಗೋಡೆ ಹಾಕಿಸಿದ ಮಾನ್ಯ ಅಧೀಕ್ಷಕರೇ,

ನನ್ನ ಗಂಡನಿಗೆ ನೋವಿರುವುದು ಎಡದವಡೆಯಲ್ಲಿ. ನಿಮ್ಮ ಆಸ್ಪತ್ರೆ ಇಡೀ ಕೋರ್ಸ್ ಲೇಸರ್ ಕೊಟ್ಟದ್ದು ಬಲದವಡೆಗೆ. ಈಗ 'ಗುಣವಾಗಿದೆ' ಎಂದು ಮನೆಗೆ ಕಳಿಸಿದ್ದೀರಿ. ನಿಜ, ಬಲದವಡೆ ಹುಟ್ಟಿದಾಗಿನಿಂದಲೂ ಗುಣವಾಗಿಯೇ ಇತ್ತು.

ನಾನು ಹೊಸದಾಗಿ ಮದುವೆಯಾದವಳು. 'ನನ್ನ ಗಂಡ' ಎಂದು ಬರೆಯುವಾಗ ಪೆನ್ನು ಇನ್ನೂ ಕುಣಿಯುತ್ತದೆ. ಆ ಮಾತು ಇಲ್ಲಿ ಜಾಸ್ತಿ ಬಂದರೆ ಸಹಿಸಿಕೊಳ್ಳಿ. ನಾವು ನಿಮ್ಮನ್ನು ಸಹಿಸಿಕೊಂಡಿಲ್ಲವೇ? ನನ್ನ ಗಂಡ ಸೋಫಾ ಮಾಡುವವನು. ಬಲಗೈಯಲ್ಲಿ ಸುತ್ತಿಗೆ, ಎಡಗೈಯಲ್ಲಿ ಬಟ್ಟೆ, ಎಡಗಡೆಯ ಹಲ್ಲುಗಳ ನಡುವೆ ಸಣ್ಣ ಮೊಳೆಗಳು. ವರ್ಷಗಟ್ಟಲೆ ಹೀಗೆ ಕಚ್ಚಿ ಕಚ್ಚಿ ಆ ಬದಿಯ ಸ್ನಾಯು ಕಲ್ಲಾಗಿದೆ. ಬ್ರೆಡ್ಡಿನ ಅಂಚನ್ನೂ ಅಗಿಯಲಾರ. ಅವನ ನಗು ನೋಡಿಯೇ ನಾನು ಮದುವೆಗೆ ಒಪ್ಪಿದ್ದು. ಈಗ ನಗು ಬಂದರೆ ಕೈಯಿಂದ ದವಡೆ ಹಿಡಿದುಕೊಳ್ಳುತ್ತಾನೆ. ಅತ್ತೆಯವರಂತೂ ತೀರ್ಪು ಕೊಟ್ಟೇಬಿಟ್ಟಿದ್ದಾರೆ: "ಅದೇನು ಬೇಯಿಸಿ ಹಾಕ್ತೀಯೋ ತಾಯಿ, ನನ್ನ ಮಗ ಬಾಯಿ ಬಿಡೋದಕ್ಕೇ ಹೆದರ್ತಾನೆ."

ಲೇಸರಿನ ಮೇಲೆ ನನಗೆ ಸಿಟ್ಟಿಲ್ಲ. ಕೊಯ್ಯದ, ಸುಡದ ಮಂದ ಕಿರಣವನ್ನು ಕೆನ್ನೆಗೆ ಹಿಡಿದು ಬಿಗಿದ ಸ್ನಾಯುವಿನ ನೋವು ತಗ್ಗಿಸಲು ನೋಡುವ ಚಿಕಿತ್ಸೆ ಅದು. ನಮ್ಮ ದಂತವೈದ್ಯೆ 'ಎಡ' ಎಂದು ದಪ್ಪಕ್ಷರದಲ್ಲೇ ಬರೆದುಕೊಟ್ಟಿದ್ದರು. ಸರಿಯಿಲ್ಲದ್ದು ನಿಮ್ಮ ಗೋಡೆ. ಮೊದಲು ಲೇಸರ್ ಹಿಡಿಯುವವರು ರೋಗಿಯ ತಲೆಯ ಹಿಂದೆ ನಿಲ್ಲುತ್ತಿದ್ದರಂತೆ. ಅವರ ಎಡವೇ ರೋಗಿಯ ಎಡ. ನಿಮ್ಮ ವಿಶ್ರಾಂತಿ ಕೊಠಡಿಗೆ ಜಾಗ ಸಾಲದೆ ನೀವು ಅರ್ಧ ಕೋಣೆ ನುಂಗಿದಿರಿ. ಕುರ್ಚಿ ಗೋಡೆಗೆ ಅಂಟಿತು, ಅವರು ರೋಗಿಯ ಎದುರಿಗೆ ಬಂದರು, ಕೈ ಮಾತ್ರ ಹಳೆಯ ಅಭ್ಯಾಸದಲ್ಲೇ ಉಳಿಯಿತು. ಆ ಗೋಡೆ ಎದ್ದ ಮೇಲೆ ಎಷ್ಟು ಜನರ ನೋವಿಲ್ಲದ ಕೆನ್ನೆಗಳಿಗೆ ದೀಪ ಹಿಡಿದಿದ್ದೀರಿ? ನೀವು ಮಲಗಲು ಅಷ್ಟು ಜಾಗ ಬೇಕಿತ್ತೇ? ಎದ್ದಿರುವಾಗ ಮಾಡುವುದಾದರೂ ಏನು?

ನನ್ನ ಗಂಡ ಹೇಳಬಾರದಿತ್ತೇ ಎನ್ನಬೇಡಿ. ಕಣ್ಣಿಗೆ ಕಪ್ಪು ಕನ್ನಡಕ, ಹಲ್ಲುಗಳ ನಡುವೆ ರಬ್ಬರ್ ತುಂಡು. ಕೈಯೆತ್ತಿ ಎಡಗೆನ್ನೆ ತೋರಿಸಿದನಂತೆ. ಲೇಸರ್ ಹಿಡಿದವರು ಗದರಿದರು: "ಕೈ ಇಳಿಸ್ರಿ, ಅಲ್ಲಾಡಿದ್ರೆ ಮತ್ತೆ ಮೊದಲಿಂದ ಶುರು ಮಾಡ್ಬೇಕಾಗುತ್ತೆ." ಮುಗಿದ ಮೇಲೆ ನನ್ನ ಗಂಡ ಬಾಯಿಬಿಟ್ಟೂ ಹೇಳಿದ. ಅದಕ್ಕೆ ಅವರ ಉತ್ತರ: "ನೋವಲ್ಲಿರೋರಿಗೆ ಎಡ ಬಲ ಎಲ್ಲಿ ಗೊತ್ತಾಗುತ್ತೆ, ಬಿಡಿ." ಕೊನೆಯ ಪರೀಕ್ಷೆಯಲ್ಲಿ ಅದೇ ಬಲಗೆನ್ನೆ ಒತ್ತಿ, "ಇಲ್ಲಿ ನೋವಿದೆಯಾ?" ಎಂದರು. ಇಲ್ಲವೆಂದ. ನನ್ನ ಗಂಡನಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದೂ ನನಗೆ ಬಹಳ ಇಷ್ಟ. ಕೇಸು ಮುಚ್ಚಿದರು.

ಇಬ್ಬರೂ ನಿಮ್ಮ ಬಳಿಗೆ ಬಂದೆವು. ನೀವು ಸೇಬು ಕಚ್ಚುತ್ತಾ ಹೇಳಿದಿರಿ: "ಹೊಸ ಮದುವೆ ಅಲ್ವೇನಮ್ಮ? ಗಂಡನ ಬಾಯಿ ಮುಚ್ಚಿದ್ರೆ ಸಂಸಾರ ನೆಮ್ಮದಿಯಾಗಿರುತ್ತೆ. ಅದೃಷ್ಟವಂತೆ ನೀನು." ಪಕ್ಕದಲ್ಲಿದ್ದ ಗುಮಾಸ್ತರೂ ನಕ್ಕರು. ನನ್ನ ಗಂಡ ನಿಮ್ಮ ಸೇಬನ್ನೇ ನೋಡುತ್ತಿದ್ದ. ನಾನು ನಿಮ್ಮ ದವಡೆಯನ್ನು ನೋಡುತ್ತಿದ್ದೆ. ಎಂಥ ಗಟ್ಟಿ ದವಡೆ! ಇಡೀ ಆಸ್ಪತ್ರೆಯಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಮಾಡುವುದು ಅದೊಂದೇ ಇರಬೇಕು.

ನಿನ್ನೆಯಿಂದ ಅವನ ಬಾಯಿಗೆ ಚಮಚವೂ ಹೋಗುತ್ತಿಲ್ಲ. ಸೂಪನ್ನು ಸ್ಟ್ರಾದಲ್ಲಿ ಹೀರುತ್ತಾನೆ. ಇನ್ನೂ ತಡವಾದರೆ ದವಡೆ ಹೀಗೇ ಬಿಗಿದುಕೊಂಡುಬಿಡಬಹುದು ಎಂದು ದಂತವೈದ್ಯೆ ಎಚ್ಚರಿಸಿದ್ದಾರೆ.

ಆದ್ದರಿಂದ ಆ ಗೋಡೆ ಕೆಡವಿಸಿ. ಅದು ಎದ್ದ ಮೇಲೆ ಬಂದವರನ್ನೆಲ್ಲ ವಾಪಸ್ ಕರೆಸಿ. ನನ್ನ ಗಂಡನ ಎಡದವಡೆಗೆ ಸೋಮವಾರವೇ ಚಿಕಿತ್ಸೆ ಶುರುವಾಗಬೇಕು. ನಾನು ಗಾಢವಾಗಿ ಲಿಪ್‌ಸ್ಟಿಕ್ ಹಚ್ಚಿಕೊಂಡು ನೋವಿರುವ ಕೆನ್ನೆಗೆ ಮುತ್ತಿಟ್ಟು ಕಳಿಸುತ್ತೇನೆ. ಕೆಂಪು ಗುರುತು ಎಲ್ಲಿದೆಯೋ ಅಲ್ಲಿ ಹಿಡಿಯಲು ಹೇಳಿ. ಅದೂ ಕಾಣಿಸದಿದ್ದರೆ ಪಕ್ಕದ ಕಣ್ಣಾಸ್ಪತ್ರೆಯಲ್ಲಿ ನಿಮ್ಮ ಹೆಸರು ಬರೆಸಿ ಬರುತ್ತೇನೆ. ಯಾವ ಕಣ್ಣು ಎಂದು ಅವರು ಕೇಳಿದರೆ ಎರಡೂ ಎನ್ನುತ್ತೇನೆ.

ಇಂತಿ,
ಎರಡು ತಟ್ಟೆ ಹಾಕಿ ಒಬ್ಬಳೇ ಅಗಿಯುತ್ತಿರುವ ಹೊಸ ಹೆಂಡತಿ