ಒಳಕೋಣೆಯ ಪಾಲಿಷು

ಜುಲೈ 6, 1943

ಬೆಳಿಗ್ಗೆಯಿಂದ ಮರವಜ್ರದ ಅಂಟು ಕಾಯಿಸುವುದೇ ಆಯಿತು. ವಾಚನಾಲಯದ ರೇಡಿಯೋದ ಲೌಡ್‌ಸ್ಪೀಕರ್ ಪೆಟ್ಟಿಗೆ. ಜಗುಲಿಯ ಮೇಲಿಟ್ಟು ಮಳೆಗೆ ನೆನೆಸಿದ್ದಾರೆ. ಮೇಲೆ ಅಂಟಿಸಿದ್ದ ಬೀಟೆಮರದ ತೆಳು ಹಾಳೆ ಹಪ್ಪಳದಂತೆ ಎದ್ದಿದೆ. ಯಂತ್ರ, ಬಟ್ಟೆ ಎಲ್ಲ ಬಿಚ್ಚಿ ಪಕ್ಕಕ್ಕಿಟ್ಟೆ. ಹಳೆ ಹಾಳೆ ಕಿತ್ತು ಹೊಸದು ಕೂರಿಸಿದೆ. ಮೇಲೊಂದು ಮಣೆ, ಅದರ ಮೇಲೆ ಗುಂಡುಕಲ್ಲು. ನಾಳೆಯವರೆಗೆ ಮುಟ್ಟುವಂತಿಲ್ಲ.

ವಾಚನಾಲಯದ ಜವಾನ ಜವರಯ್ಯ ಮೂರು ಸಲ ಬಂದ. "ಯುದ್ಧದ ಸುದ್ದಿ ಇಲ್ದೆ ಜನ ನನ್ನೇ ಬೈತಾವ್ರೆ ಕಣ್ರೀ ಪಾಷಾ ಸಾಬ್ರೆ. ಬಿರ್ನೆ ಮಾಡ್ಕೊಡಿ."

ಮಳೆಯಲ್ಲಿ ಬಿಟ್ಟವನು ಅವನೇ. 

ಜುಲೈ 10

ಪಾಲಿಷು ಮುಗಿಯಿತು. ಬಗ್ಗಿದರೆ ಮುಖ ಕಾಣುತ್ತದೆ.

ಯಾರೂ ಓದದ ಈ ಪುಸ್ತಕದಲ್ಲೂ 'ಮುಗಿಯಿತು' ಎಂದೇ ಬರೆಯುತ್ತೇನೆ. ಮುಗಿಸಿದವಳು ನನ್ನ ಹೆಂಡತಿ ಖಮರುನ್ನೀಸಾ. ಎರಡು ವರ್ಷದಿಂದ ನನ್ನ ಬಲಗೈ ನಡುಗುತ್ತದೆ. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಪಾಲಿಷಿನಲ್ಲಿ, ಹಚ್ಚುವ ಬಟ್ಟೆಯ ಉಂಡೆ ಒಂದು ಗಳಿಗೆ ನಿಂತರೂ ಅಂಟಿಕೊಂಡು, ಕೆಳಗಿನ ಪದರವನ್ನೂ ಕಿತ್ತುಕೊಂಡು ಬರುತ್ತದೆ. ಅವಳ ಕೈ ನಿಲ್ಲುವುದಿಲ್ಲ.

ಥಂಡಿಗೆ ಪಾಲಿಷು ಬೆಳ್ಳಗಾಗುತ್ತದೆ, ಧೂಳು ಕೂರುತ್ತದೆ. ಅದಕ್ಕೇ ಅಪ್ಪನ ಕಾಲದಿಂದ ಒಳಕೋಣೆಯಲ್ಲೇ ಈ ಕೆಲಸ. ಹೆಂಗಸರಿರುವ ಕೋಣೆ, ಹೊರಗಿನವರು ಬರುವುದಿಲ್ಲ. ಹಾಗಾಗಿ ಯಾರಿಗೂ ಗೊತ್ತಿಲ್ಲ.

ಜುಲೈ 19

ಮೈಸೂರಿನಲ್ಲಿ ರೇಡಿಯೋ ಅಂಗಡಿ ಇಟ್ಟಿರುವ ಕಂಠಪ್ಪನವರು ಬಂದಿದ್ದರು. ಮಡಿಕೇರಿ ಬಸ್ಸಿಗೆ ಕಾಯುತ್ತ ವಾಚನಾಲಯದಲ್ಲಿ ಕೂತಾಗ ಪೆಟ್ಟಿಗೆ ಕಣ್ಣಿಗೆ ಬಿದ್ದಿದೆ. ಯುದ್ಧದಿಂದ ಹೊಸ ಮಾಲು ಬರುತ್ತಿಲ್ಲ. ಹಳೆಯ ಸ್ಪೀಕರ್ ಪೆಟ್ಟಿಗೆಗಳು ಇಪ್ಪತ್ತು ಬಿದ್ದಿವೆಯಂತೆ. ಎಲ್ಲ ನನಗೇ ಕೊಡುತ್ತಾರಂತೆ.

"ಆದ್ರೆ ಹಿಂದಿನವನು ವಾರ್ನಿಷ್ ಬಳಿದು ಪಾಲಿಷ್ ಅಂತ ಟೋಪಿ ಹಾಕ್ದ. ಈ ಸಲ ನನ್ನ ಕಣ್ಣೆದುರಿಗೇ ಮಾಡಿ ತೋರಿಸ್ಬೇಕು ಸಾಬ್ರೆ. ಬೇಜಾರು ಮಾಡ್ಕೋಬೇಡಿ."

ಆಗಲಿ ಎಂದೆ. ಯಾಕೆ ಹಾಗೆಂದೆನೋ... ಇಪ್ಪತ್ತೇಳಕ್ಕೆ ಬರುತ್ತಾರೆ.

ಜುಲೈ 22, ಮಧ್ಯಾಹ್ನ

ಅವಳು ತಂಗಿಯ ಮನೆಗೆ ಹೋಗಿದ್ದಾಗ ತುಂಡು ಹಲಗೆಯ ಮೇಲೆ ಕೈ ಪಳಗಿಸಿದೆ. ಕಿತ್ತುಬಂತು. ಸ್ಪಿರಿಟ್ಟಿನಿಂದ ಒರೆಸಿದೆ. ಮತ್ತೆ ಹಚ್ಚಿದೆ. ಮತ್ತೆ ಕಿತ್ತುಬಂತು.

ಜುಲೈ 24

ಮತ್ತೆ ಅದೇ. ಸ್ಪಿರಿಟ್ಟಿಗೆ ಅಮಲ್ದಾರರ ಕಚೇರಿಯ ಪರ್ಮಿಟ್ ಬೇಕು. ಇನ್ನು ಸಿಗುವುದು ಮುಂದಿನ ತಿಂಗಳೇ. ಖಮರುನ್ನೀಸಾ ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು. ಕಾಲುಭಾಗ ಉಳಿದಿದೆ. ನನ್ನ ಮುಖ ನೋಡಿದಳು. ಬಾಟಲಿಯನ್ನು ಇದ್ದಲ್ಲೇ ಇಟ್ಟಳು.

ಜುಲೈ 27

ಕಂಠಪ್ಪನವರು ಹೇಳಿದ ಹೊತ್ತಿಗೇ ಬಂದರು. ಹೊರಗಿನ ಕೋಣೆಯಲ್ಲಿ ಚಾಪೆ ಹಾಸಿದೆ. ಅವರೇ ತಂದ ಪೆಟ್ಟಿಗೆ. ಎರಡು ಸುತ್ತು ಚೆನ್ನಾಗಿಯೇ ಬಂತು. ಮೂರನೆಯದಕ್ಕೆ ಕೈ ನಡುಗಿತು. ಉಂಡೆ ನಿಂತಿತು. ಅಂಟಿತು.

ಪರದೆಯ ಹಿಂದಿನಿಂದ ಖಮರುನ್ನೀಸಾ ಹೇಳಿದಳು: "ಒತ್ತಬೇಡಿ. ಒಂದು ಹನಿ ಅಗಸೆ ಎಣ್ಣೆ ಬಿಡಿ. ಅಂಚಿನಿಂದ ಜಾರಿಸಿಕೊಂಡು ಬನ್ನಿ."

ನಮ್ಮ ಮನೆಮಾತು ಉರ್ದು. ಅವಳು ಕನ್ನಡದಲ್ಲಿ ಹೇಳಿದಳು. ಕಂಠಪ್ಪನವರಿಗೂ ತಿಳಿಯಲಿ ಎಂದೇ. ಮದುವೆಯಾದ ಹದಿನೆಂಟು ವರ್ಷದಲ್ಲಿ ಹೊರಗಿನ ಗಂಡಸಿನ ಕಿವಿಗೆ ಅವಳ ದನಿ ಬಿದ್ದದ್ದು ಇದೇ ಮೊದಲು.

ಕಂಠಪ್ಪನವರು ಪರದೆಯ ಕಡೆ ನೋಡಿದರು, ಆಮೇಲೆ ನನ್ನ ಕಡೆ. ಮುಚ್ಚಿಡಲು ಏನೂ ಉಳಿದಿರಲಿಲ್ಲ. ಕೊನೆಯ ಪಾಲಿಷು ಅವಳದೇ ಎಂದೆ. ಪೆಟ್ಟಿಗೆಯನ್ನು ಒಳಗೆ ಕೊಟ್ಟೆ. ಮಧ್ಯಾಹ್ನದ ಹೊತ್ತಿಗೆ ಹೊರಗೆ ಬಂತು. ಕಂಠಪ್ಪನವರು ಬೆರಳಾಡಿಸಿ ನೋಡಿದರು.

"ಇಪ್ಪತ್ತೂ ಕಳಿಸ್ತೀನಿ. ಸ್ಪಿರಿಟ್ ಪರ್ಮಿಟ್ಟೂ ನಾನೇ ಮಾಡಿಸ್ತೀನಿ. ಆದ್ರೆ ಹೆಂಗಸರ ಕೆಲಸ ಅಂದ್ರೆ ಮೈಸೂರಲ್ಲಿ ಮೂಗು ಮುರೀತಾರೆ. ನಿಮ್ಮ ಹೆಸರೇ ಇರ್ಲಿ. ಈ ವಿಷಯ ನಮ್ಮಲ್ಲೇ ಇರ್ಲಿ."

ಆಗಲಿ ಎಂದೆ. ಅವಳು ಪರದೆಯ ಹಿಂದೆಯೇ ನಿಂತಿದ್ದಳು.

ಆಗಸ್ಟ್ 9

ಪೆಟ್ಟಿಗೆಗಳು ಬಂದು ಐದು ದಿನ. ಸ್ಪಿರಿಟ್ಟೂ ಬಂದಿದೆ. ನಾಲ್ಕಕ್ಕೆ ಹಾಳೆ ಅಂಟಿಸಿ, ಉಜ್ಜಿ, ಒಳಕೋಣೆಯ ಬಾಗಿಲಲ್ಲಿ ಇಟ್ಟಿದ್ದೇನೆ. ಇಟ್ಟಲ್ಲೇ ಇವೆ. ಅವಳು ಅವುಗಳ ಪಕ್ಕದಲ್ಲೇ ಓಡಾಡುತ್ತಾಳೆ, ರೊಟ್ಟಿ ಬಡಿಯುತ್ತಾಳೆ, ಬಟ್ಟೆ ಮಡಿಸುತ್ತಾಳೆ.

ಇವತ್ತು ಕೇಳಿಯೇಬಿಟ್ಟೆ.

"ನಿಮ್ಮ ಹೆಸರಿಗೆ ಬಂದ ಪೆಟ್ಟಿಗೆ. ನೀವೇ ಮಾಡಿಕೊಳ್ಳಿ," ಎಂದಳು.

ಸಿಟ್ಟು ಬಂತು. ಹೊರಗಿನ ಕೋಣೆಗೆ ಹೋಗಿ ಕೂತೆ. ಕೂತಮೇಲೆ ನಾಚಿಕೆಯಾಯಿತು. ಪರಸ್ಥಳದ ಕಂಠಪ್ಪನವರು ಬಚ್ಚಿಡಿ ಎಂದದ್ದು ಅವತ್ತು ಒಂದು ಮಾತು. ನಾನು ಎರಡು ವರ್ಷದಿಂದ, ಯಾರೂ ಹೇಳದೆಯೇ ಬಚ್ಚಿಟ್ಟಿದ್ದೇನೆ.

ಆಗಸ್ಟ್ 14, ಸಂಜೆ

ಜವರಯ್ಯ ಬಂದಿದ್ದ. ಹೊರಗಿನ ಕೋಣೆಯಲ್ಲಿ ಸಾಲಾಗಿ ಇಟ್ಟ ಪೆಟ್ಟಿಗೆಗಳನ್ನು ಎಣಿಸಿದ. "ಇಷ್ಟೂ ನಿಮ್ಮೊಬ್ರ ಕೈಲೇ ಆಯ್ತದಾ ಸಾಬ್ರೆ?"

"ನನ್ನ ಕೈಲಿ ಪಾಲಿಷು ಆಗಲ್ಲ ಕಣಯ್ಯ. ಕೈ ನಡುಗ್ತದೆ. ನಿಮ್ಮ ವಾಚನಾಲಯದ್ದೂ ನಮ್ಮ ಮನೆಯವರೇ ಮಾಡಿದ್ದು."

"ಅಂಗಾ?"

"ಹೂಂ. ಯಾರು ಕೇಳಿದ್ರೂ ಹಂಗೇ ಹೇಳು."

ಗಟ್ಟಿಯಾಗಿಯೇ ಹೇಳಿದೆ. ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಜವರಯ್ಯನಿಗೆ ಹೇಳಿದರೆ ಪೇಟೆಗೆಲ್ಲ ಹೇಳಿದಂತೆ. ನಾಳೆಯ ಬಸ್ಸಿಗೆ ಮೈಸೂರನ್ನೂ ಮುಟ್ಟಬಹುದು. ಕಂಠಪ್ಪನವರು ಪೆಟ್ಟಿಗೆಗಳನ್ನು ವಾಪಸು ತರಿಸಿಕೊಂಡರೂ ತರಿಸಿಕೊಂಡಾರು. ಹೆದರಿಕೆ ಇದೆ. ಆದರೂ ಹೇಳಿದ್ದು ಹೇಳಿಯಾಯಿತು.

ಅವನು ಹೋದ ಮೇಲೆ ಇಲ್ಲೇ ಕೂತಿದ್ದೇನೆ. ಒಳಗಿನಿಂದ ಪೆಟ್ಟಿಗೆ ಎಳೆದ ಸದ್ದು. ಒಂದೇ ಇರಬೇಕು. ಈಗ ಸ್ಪಿರಿಟ್ಟಿನ ವಾಸನೆ —